ಯುವಿಯಾ ಫೆಲೋಶಿಪ್: ಸೇರುವ ಮುಂಚೆ ಏನು ಕೇಳಬೇಕು, ಸೇರಿದ ಮೇಲೆ ಏನು ಕಲಿಯಬೇಕು

ಪಿಜಿ_ಕೊನೆವರ್ಷ
ಎಂಎಸ್ ನೇತ್ರಶಾಸ್ತ್ರ ಮುಗಿಯುತ್ತಾ ಬಂತು, ಮುಂದೆ ಯುವೈಟಿಸ್ (ಕಣ್ಣಿನ ಮಧ್ಯಪದರವಾದ ಯುವಿಯಾದ ಉರಿಯೂತ) ಫೆಲೋಶಿಪ್, ಅಂದರೆ ಪಿಜಿ ನಂತರದ ವಿಶೇಷ ತರಬೇತಿ, ಮಾಡುವ ಯೋಚನೆ ಇದೆ. ಕೆಲವು ಕಡೆ ಯುವಿಯಾ ಮಾತ್ರ ಕಲಿಸುತ್ತಾರೆ, ಕೆಲವು ಕಡೆ ಮೆಡಿಕಲ್ ರೆಟಿನಾ (ಅಕ್ಷಿಪಟಲಕ್ಕೆ ಔಷಧಿ–ಲೇಸರ್ ಚಿಕಿತ್ಸೆ) ಜೊತೆ ಸೇರಿಸಿ ಕೊಡುತ್ತಾರೆ. ಆಯ್ಕೆ ಮಾಡುವಾಗ ಏನು ನೋಡಬೇಕು? ಸಂದರ್ಶನದಲ್ಲಿ ನಾವು ಅವರಿಗೆ ಯಾವ ಪ್ರಶ್ನೆ ಕೇಳಬೇಕು? ಬ್ರೋಷರ್ ಓದಿದರೆ ಎಲ್ಲಾ ಒಂದೇ ಥರ ಕಾಣುತ್ತೆ. ಗೊತ್ತಿರುವ ಹಿರಿಯರು ದಯವಿಟ್ಟು ವಿವರವಾಗಿ ಬರೆಯಿರಿ.

ಯುವಿಯಾ_ಮೈಸೂರು
ಬ್ರೋಷರ್‌ನಲ್ಲಿ ಸಾಮಾನ್ಯವಾಗಿ ಇಂಜೆಕ್ಷನ್ ಎಷ್ಟು, ಲೇಸರ್ ಎಷ್ಟು ಅಂತ ಬರೆದಿರುತ್ತಾರೆ. ಈ ವಿಷಯದಲ್ಲಿ ಆ ಲೆಕ್ಕ ಅಷ್ಟು ಮುಖ್ಯ ಅಲ್ಲ. ಮೊದಲು ಕೇಳಬೇಕಾದ್ದು: ಹೊಸ ರೋಗಿಯನ್ನು ನೋಡಿದ ಫೆಲೋನೇ ಆ ರೋಗಿಯನ್ನು ಮುಂದಿನ ಭೇಟಿಗಳಲ್ಲೂ ನೋಡುತ್ತಾನಾ, ಇಲ್ಲಾ ಅವತ್ತು ಯಾರು ಖಾಲಿ ಇದ್ದಾರೋ ಅವರು ನೋಡುತ್ತಾರಾ? ಯುವೈಟಿಸ್‌ನಲ್ಲಿ ನಮ್ಮ ನಿರ್ಧಾರ ಸರಿಯೋ ತಪ್ಪೋ ಅಂತ ಗೊತ್ತಾಗುವುದು ಮೂರು ತಿಂಗಳಿಗೆ, ಆರು ತಿಂಗಳಿಗೆ. ಮೊದಲ ಭೇಟಿ ಮಾತ್ರ ನೋಡಿ ಕಳಿಸುವ ಕಡೆ ರೋಗನಿರ್ಣಯ ಕಲಿಯಬಹುದು, ಚಿಕಿತ್ಸೆ ಕಲಿಯೋಕಾಗಲ್ಲ. ಒಂದು ವರ್ಷಕ್ಕಿಂತ ಒಂದೂವರೆ–ಎರಡು ವರ್ಷದ್ದು ಒಳ್ಳೆಯದು ಅನ್ನುವುದಕ್ಕೂ ಕಾರಣ ಇದೇ. ವಿಕೆಎಚ್ (ಎರಡೂ ಕಣ್ಣಿಗೆ ಬರುವ, ಕಿವಿ–ಚರ್ಮಕ್ಕೂ ತಾಗುವ ಯುವೈಟಿಸ್) ರೋಗಿಯೊಬ್ಬರ ಸ್ಟೀರಾಯ್ಡ್ ಇಳಿಸಿ ನಿಲ್ಲಿಸುವ ಹೊತ್ತಿಗೇ ಆರು ತಿಂಗಳ ಮೇಲಾಗಿರುತ್ತೆ.

ಎರಡನೇ ಪ್ರಶ್ನೆ: ಮೆಥೋಟ್ರೆಕ್ಸೇಟ್, ಮೈಕೋಫಿನೋಲೇಟ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳು) ಬರೆಯುವವರು ಯಾರು? ಪ್ರತಿ ರೋಗಿಯನ್ನೂ ರುಮಟಾಲಜಿಗೆ (ಸಂಧಿವಾತ ವಿಭಾಗಕ್ಕೆ) ಕಳಿಸಿ ಕೈತೊಳೆದುಕೊಳ್ಳುವ ವಿಭಾಗವಾದರೆ ಅರ್ಧ ವಿದ್ಯೆ ಹೊರಗೇ ಉಳಿಯುತ್ತೆ. ಯಾರ ಸಲಹೆಯೂ ಇಲ್ಲದೆ ಕಣ್ಣಿನವರೇ ಎಲ್ಲಾ ಬರೆಯುವ ಕಡೆಯೂ ಬೇಡ. ಇಬ್ಬರೂ ಕೂತು ನೋಡುವ ಜಂಟಿ ಕ್ಲಿನಿಕ್ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಮೂರನೆಯದು: ಅಕ್ವಿಯಸ್ ಪಿಸಿಆರ್ (ಕಣ್ಣಿನ ಮುಂಭಾಗದ ನೀರಿನಲ್ಲಿ ರೋಗಾಣು ಹುಡುಕುವ ಪರೀಕ್ಷೆ) ಆಸ್ಪತ್ರೆಯಲ್ಲೇ ಆಗುತ್ತಾ, ಹೊರಗೆ ಹೋಗುತ್ತಾ? ಐಸಿಜಿ ಆಂಜಿಯೋಗ್ರಫಿ (ಬಣ್ಣ ಚುಚ್ಚಿ ಕಣ್ಣಿನ ಹಿಂಭಾಗದ ರಕ್ತನಾಳ ನೋಡುವ ಚಿತ್ರ) ನಿಜವಾಗಿ ಮಾಡುತ್ತಾರಾ, ಇಲ್ಲಾ ಯಂತ್ರ ಮಾತ್ರ ಇದೆಯಾ?

ಊರು ಬದಲಾದರೆ ಕಾಯಿಲೆಯೂ ಬದಲಾಗುತ್ತೆ. ಮದುರೈನ ಅರವಿಂದ್ ಆಸ್ಪತ್ರೆಯವರು 1993ರ ಪ್ರವಾಹದ ನಂತರ ಬಂದ ಲೆಪ್ಟೊಸ್ಪೈರಾ (ಇಲಿಜ್ವರದ ಬ್ಯಾಕ್ಟೀರಿಯಾ) ಯುವೈಟಿಸ್ ಅನ್ನು ದಾಖಲಿಸಿದವರು. ಕೆರೆ–ಹೊಳೆಯಲ್ಲಿ ಈಜುವ ಮಕ್ಕಳ ಕಣ್ಣಿನ ಮುಂಭಾಗದಲ್ಲಿ ಬಿಳಿ ಗಂಟು ಕಾಣಿಸುವ ಟ್ರೆಮಟೋಡ್ (ಚಪ್ಪಟೆ ಹುಳು) ಗ್ರಾನ್ಯುಲೋಮಾವೂ ಆ ಕಡೆಯದೇ. ಸರ್ಪಿಜಿನಸ್ (ಹಾವಿನಂತೆ ಹರಿದು ಹಬ್ಬುವ) ಥರದ ಕ್ಷಯದ ಕೋರಾಯ್ಡೈಟಿಸ್ (ರೆಟಿನಾ ಹಿಂದಿನ ಪದರದ ಉರಿಯೂತ) ಮೇಲೆ ಚಂಡೀಗಢದ ಪಿಜಿಐನವರ ಕೆಲಸ ದೊಡ್ಡದು. ಚೆನ್ನೈನ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್‌ವಿ ಪ್ರಸಾದ್, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲೂ ಯುವಿಯಾ ವಿಭಾಗಗಳಿವೆ. ಅವಧಿ, ಸ್ಟೈಪೆಂಡ್, ಬಾಂಡ್ ವರ್ಷವರ್ಷ ಬದಲಾಗುತ್ತವೆ. ಅದನ್ನು ನೇರವಾಗಿ ಅವರ ಅಕಡೆಮಿಕ್ ಆಫೀಸಿನಲ್ಲೇ ವಿಚಾರಿಸಿ. ಹೊರಟುಹೋದ ಫೆಲೋ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿ. ಈಗಿರುವವರು ಪಾಪ, ಎಲ್ಲವನ್ನೂ ಬಾಯಿಬಿಟ್ಟು ಹೇಳಲಾರರು.

ಸ್ಲಿಟ್‌ಲ್ಯಾಂಪ್_ಹುಬ್ಬಳ್ಳಿ
ಮೇಡಂ ಹೇಳಿದ್ದು ಖರೆ ಅದ. ನಾನು ಇನ್ನೂ ಕೆಳಗಿನ ಮೆಟ್ಟಿಲಿಂದ ಹೇಳ್ತೀನ್ರಿ. ಮೊದಲ ತಿಂಗಳು ಬರೇ ಸೆಲ್ (ಕಣ್ಣಿನ ಮುಂಭಾಗದ ನೀರಾಗ ತೇಲೋ ಉರಿಯೂತದ ಕಣ) ಎಣಿಸೋದು ಕಲೀರಿ. ಎಸ್‌ಯುಎನ್ ಅನ್ನೋ ಯುವೈಟಿಸ್ ತಜ್ಞರ ಗುಂಪಿನವರು 2005ರಾಗ ಅಳತಿ ಕೊಟ್ಟಾರ: 1 ಮಿ.ಮೀ. ಅಗಲ, 1 ಮಿ.ಮೀ. ಎತ್ತರದ ಬೆಳಕಿನ ಕಿಂಡಿಯೊಳಗ 1ರಿಂದ 5 ಸೆಲ್ ಕಂಡ್ರ 0.5+, 6ರಿಂದ 15 ಇದ್ರ 1+, 16ರಿಂದ 25 ಇದ್ರ 2+, 26ರಿಂದ 50 ಇದ್ರ 3+, ಅದಕ್ಕೂ ಹೆಚ್ಚಂದ್ರ 4+. ಒಂದೂ ಇಲ್ಲಂದ್ರ 0. ಎಲ್ಲಾರಿಗೂ ಬಾಯಿಪಾಠ ಅದ. ಆದ್ರ ಮಾಡೋದು ತಪ್ಪೇ.

ಎಲ್ಲಿ ತಪ್ಪತದ ಅಂದ್ರ: ಕಿಂಡಿ 1 ಮಿ.ಮೀ. ಅಂತ ಹೇಳಿ 3 ಮಿ.ಮೀ. ಎತ್ತರ ಬಿಟ್ಟಿರ್ತಾರ. ಸೆಲ್ ಮೂರು ಪಟ್ಟು ಕಾಣತಾವ, ಸ್ಟೀರಾಯ್ಡ್ ಸುಮ್ಮಸುಮ್ಮನ ಏರತದ. ಖೋಲಿ ಕತ್ತಲ ಇರೂದಿಲ್ಲ. ಅಪ್ಲನೇಶನ್ (ಬಣ್ಣ ಹಾಕಿ ಕಣ್ಣಿನ ಒತ್ತಡ ಅಳಿಯೋದು) ಮಾಡಿ ಆಮ್ಯಾಲೆ ಫ್ಲೇರ್ (ಮುಂಭಾಗದ ನೀರಿನ ಮಬ್ಬು) ನೋಡ್ತಾರ. ಫ್ಲೋರೆಸಿನ್ ಬಣ್ಣ ಒಳಗ ಇಳದು ಸುಳ್ಳು ಫ್ಲೇರ್ ತೋರಸತದ. ಡೈಲೇಟ್ ಮಾಡಿದ (ಹನಿ ಹಾಕಿ ಪಾಪೆ ಹಿಗ್ಗಿಸಿದ) ಮ್ಯಾಲೆ ಐರಿಸ್ ಪಿಗ್ಮೆಂಟ್ ಉದುರಿ ಸೆಲ್‌ನಂಗ ತೇಲತಾವ. ಹಂಗಾಗಿ ಕ್ರಮ ಇಷ್ಟೇ: ದೃಷ್ಟಿ, ಸ್ಲಿಟ್ ಲ್ಯಾಂಪ್, ಸೆಲ್–ಫ್ಲೇರ್ ಬರಿಯೋದು, ಆಮ್ಯಾಲೆ ಒತ್ತಡ, ಕಡೀಗೆ ಡೈಲೇಶನ್. ಡೈಲೇಟ್ ಆದಮ್ಯಾಲೆ ವಿಟ್ರಿಯಸ್ ಹೇಜ್ (ಕಣ್ಣೊಳಗಿನ ಜೆಲ್ಲಿಯ ಮಬ್ಬು) ಬ್ಯಾರೆ ಬರೀರಿ, ಮುಂಭಾಗದ ಸೆಲ್ ಲೆಕ್ಕದಾಗ ಅದನ್ನ ಸೇರಿಸಬ್ಯಾಡ್ರಿ.

ಇನ್ನೊಂದು. «ಉರಿ ಹೆಚ್ಚಾತು» ಅಂತ ಬರೀಬೇಕಾದ್ರ ಎರಡು ಹಂತ ಏರಿರಬೇಕು, ಇಲ್ಲಾ 3+ನಿಂದ 4+ಕ್ಕ ಹೋಗಿರಬೇಕು. 0.5+ ಇದ್ದದ್ದು 1+ ಆದ್ರ ಔಷಧಿ ಬದಲಸಬ್ಯಾಡ್ರಿ, ಮೊದಲ ಬಾಟ್ಲಿ ಅಲುಗಾಡಿಸಿ ಹಾಕ್ತಾರೇನು ಕೇಳ್ರಿ. ಪ್ರೆಡ್ನಿಸೊಲೋನ್ ಅಸಿಟೇಟ್ ಸಸ್ಪೆನ್ಶನ್ ಅದ, ಔಷಧಿ ತಳಕ್ಕ ಕೂತಿರತದ.

ಪಿಜಿ_ಕೊನೆವರ್ಷ
ಸರ್, ಮೇಡಂ, ತುಂಬಾ ಉಪಕಾರ. ತನಿಖೆ ಬಗ್ಗೆ ಒಂದು ಪ್ರಶ್ನೆ. ನಮ್ಮಲ್ಲಿ ಯುವೈಟಿಸ್ ಅಂದ ತಕ್ಷಣ ಒಂದು «ಪ್ಯಾನೆಲ್» ಬರೆದುಬಿಡುತ್ತಾರೆ: ಎಎನ್‌ಎ, ಆರ್‌ಎಫ್ (ಎರಡೂ ದೇಹವೇ ತನ್ನ ಮೇಲೆ ತಿರುಗುವ ಕಾಯಿಲೆಗಳ ರಕ್ತಪರೀಕ್ಷೆ), ಎಸಿಇ (ಸಾರ್ಕಾಯ್ಡ್‌ಗೆ), ಎಚ್‌ಎಲ್‌ಎ ಬಿ27 (ಬೆನ್ನು–ಸೊಂಟದ ವಾತದ ಜೀನ್ ಗುರುತು), ಟಾರ್ಚ್ (ಟಾಕ್ಸೋಪ್ಲಾಸ್ಮಾ ಮುಂತಾದ ಸೋಂಕುಗಳ ಪರೀಕ್ಷೆ), ಮಾಂಟೂ (ಕ್ಷಯದ ಚರ್ಮ ಪರೀಕ್ಷೆ), ಎಲ್ಲಾ. ಇದು ಸರಿಯಾ?

ಯುವಿಯಾ_ಮೈಸೂರು
ಸರಿಯಲ್ಲ. ದುಡ್ಡು ದಂಡ ಅನ್ನುವುದು ಚಿಕ್ಕ ಕಾರಣ. ದೊಡ್ಡ ಕಾರಣ, ಸುಳ್ಳು ಪಾಸಿಟಿವ್ ಬಂದಾಗ ಅದರ ಹಿಂದೆ ಓಡಬೇಕಾಗುತ್ತೆ. ಆರೋಗ್ಯವಂತರಲ್ಲೂ ಎಎನ್‌ಎ ಕಡಿಮೆ ಟೈಟರ್‌ನಲ್ಲಿ ಪಾಸಿಟಿವ್ ಬರುತ್ತೆ; ವಯಸ್ಕರ ಯುವೈಟಿಸ್‌ನಲ್ಲಿ ಅದರಿಂದ ಉಪಯೋಗ ತೀರಾ ಕಮ್ಮಿ. ಕೀಲುನೋವಿರುವ ಮಗುವಿನಲ್ಲಿ ಮಾತ್ರ ಅದಕ್ಕೆ ನಿಜವಾದ ಅರ್ಥ ಇದೆ. ಆರ್‌ಎಫ್ ಸ್ಕ್ಲೀರೈಟಿಸ್‌ಗೆ ಕೇಳಿ, ಯುವೈಟಿಸ್‌ಗೆ ಬೇಡ. ಟಾಕ್ಸೋಪ್ಲಾಸ್ಮಾ ಐಜಿಜಿ ಪಾಸಿಟಿವ್ ಅಂದರೆ ಜೀವಮಾನದಲ್ಲಿ ಯಾವಾಗಲೋ ಸೋಂಕು ಬಂದಿತ್ತು ಅಂತ ಅಷ್ಟೇ. ನೆಗೆಟಿವ್ ಬಂದರೆ ಮಾತ್ರ ಕೆಲಸಕ್ಕೆ ಬರುತ್ತೆ.

ಒಳ್ಳೆಯ ವಿಭಾಗದಲ್ಲಿ ಫೆಲೋ ಮೊದಲು ಒಂದು ಸಾಲು ಬರೆಯಬೇಕು: ಯಾವ ಭಾಗ, ಒಂದು ಕಣ್ಣೋ ಎರಡೋ, ಹಠಾತ್ತೋ ನಿಧಾನವೋ, ಗ್ರಾನ್ಯುಲೋಮಾ ಥರವೋ ಅಲ್ಲವೋ, ಎಷ್ಟನೇ ಸಲ. ಆ ಸಾಲು ಬರೆಯದೆ ಲ್ಯಾಬ್ ಚೀಟಿಗೆ ಕೈ ಹಾಕಬಾರದು. ಯುವಕ, ಒಂದೇ ಕಣ್ಣು, ಹಠಾತ್ತಾಗಿ ಬಂದ ಕೆಂಪು, ಫೈಬ್ರಿನ್, ಬೆಳಿಗ್ಗೆ ಎದ್ದಾಗ ಸೊಂಟ ಬಿಗಿ ಅಂದರೆ ಬಿ27 ಮತ್ತು ಸೊಂಟದ ಕೀಲಿನ ಚಿತ್ರ ಸಾಕು. ಎರಡೂ ಕಣ್ಣು, ಸೀರಸ್ ಡಿಟ್ಯಾಚ್‌ಮೆಂಟ್ (ರೆಟಿನಾ ಕೆಳಗೆ ನೀರು ಸೇರುವುದು), ತಲೆನೋವು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಇದ್ದರೆ ಮೊದಲು ವಿಕೆಎಚ್ ಯೋಚಿಸಿ.

ಸಿಫಿಲಿಸ್ ಪರೀಕ್ಷೆ ಮಾತ್ರ ಎಲ್ಲರಿಗೂ, ಯಾವ ವಯಸ್ಸೇ ಆಗಿರಲಿ. ವಿಡಿಆರ್‌ಎಲ್ ಒಂದೇ ಸಾಲದು, ಟಿಪಿಎಚ್‌ಎ ಕೂಡ ಬೇಕು. ಹಳೆಯ ಸೋಂಕಿನಲ್ಲಿ ವಿಡಿಆರ್‌ಎಲ್ ನೆಗೆಟಿವ್ ಆಗಿರಬಹುದು. ಪಾಸಿಟಿವ್ ಬಂದರೆ ಎಚ್‌ಐವಿ ಪರೀಕ್ಷೆ, ಮತ್ತು ಚಿಕಿತ್ಸೆ ನ್ಯೂರೋಸಿಫಿಲಿಸ್‌ನಂತೆಯೇ: ಪೆನಿಸಿಲಿನ್ ಜಿ ದಿನಕ್ಕೆ 1.8ರಿಂದ 2.4 ಕೋಟಿ ಯುನಿಟ್, ರಕ್ತನಾಳದ ಮೂಲಕ, 10ರಿಂದ 14 ದಿನ.

ಮಂಗಳೂರು_ರೆಟಿನಾ
ಮಾಂಟೂ ಎಲ್ಲರಿಗೂ ಮಾಡಬೇಕು ಅಂತ ನನ್ನ ವಾದ. ನಮ್ಮ ದೇಶದಲ್ಲಿ ಕ್ಷಯ ಬಿಟ್ಟು ಯೋಚನೆ ಮಾಡುವ ಹಾಗೆಯೇ ಇಲ್ಲ ಮಾರಾಯ್ರೆ. ನಾಳೆ ಸ್ಟೀರಾಯ್ಡ್ ಶುರು ಮಾಡುವವರಿಗೆ ಇವತ್ತು ಮಾಂಟೂ ಹಾಕದಿದ್ದರೆ ಆಮೇಲೆ ಅದು ನಂಬಿಕೆಗೆ ಬರಲ್ಲ.

ಯುವಿಯಾ_ಮೈಸೂರು
ಸ್ಟೀರಾಯ್ಡ್ ಮಾತ್ರೆ ಶುರು ಮಾಡುವವರಿಗೆ ಆಗಲಿ, ಒಪ್ಪುತ್ತೇನೆ. ಮೊದಲ ಸಲ ಬಂದ ಸಾಮಾನ್ಯ ಮುಂಭಾಗದ ಯುವೈಟಿಸ್‌ಗೂ ಹಾಕಿದರೆ ಪಾಸಿಟಿವ್ ಬಂದ ಕಡೆಯೆಲ್ಲಾ ಎಟಿಟಿ (ಕ್ಷಯದ ಔಷಧಿ) ಶುರುವಾಗುತ್ತೆ, ಅದರಲ್ಲಿನ ಎಥಾಂಬ್ಯುಟಾಲ್‌ನಿಂದ ಆಪ್ಟಿಕ್ ನರಕ್ಕೆ ಹೊಸ ತೊಂದರೆ. ಕಣ್ಣಿನ ಕ್ಷಯದ ಕಾಟ್ಸ್ ತಜ್ಞರ ಗುಂಪಿನ ಮಾರ್ಗಸೂಚಿ ನೋಡಿ: ಸರ್ಪಿಜಿನಸ್ ಥರದ ಕೋರಾಯ್ಡೈಟಿಸ್ ಇದ್ದು ಮಾಂಟೂ ಅಥವಾ ಇಗ್ರಾ (ಕ್ಷಯದ ರಕ್ತಪರೀಕ್ಷೆ) ಪಾಸಿಟಿವ್ ಇದ್ದರೆ ಎಟಿಟಿಗೆ ಒಪ್ಪಿಗೆ ಗಟ್ಟಿಯಾಗಿದೆ. ಮೊದಲ ಸಲದ ಮುಂಭಾಗದ ಯುವೈಟಿಸ್‌ನಲ್ಲಿ ಹಾಗಿಲ್ಲ. ಕಣ್ಣಿನ ಚಿತ್ರ ಮೊದಲು, ಪರೀಕ್ಷೆ ಆಮೇಲೆ.

ಮಾಂಟೂ ಹಾಕುವುದರಲ್ಲೇ ಎಷ್ಟೋ ಎಡವಟ್ಟು ಆಗುತ್ತೆ. ಎಷ್ಟು ಟ್ಯುಬರ್ಕುಲಿನ್ ಯುನಿಟ್ ಅಂತ ಚೀಟಿಯಲ್ಲಿ ಬರೆಯಲ್ಲ. 5 ಯುನಿಟ್‌ನ 10 ಮಿ.ಮೀ.ಗೂ 10 ಯುನಿಟ್‌ನ 10 ಮಿ.ಮೀ.ಗೂ ಒಂದೇ ಅರ್ಥ ಅಲ್ಲ. ಕೆಂಪಾದ ಜಾಗ ಅಳೆಯುತ್ತಾರೆ, ಅಳೆಯಬೇಕಾದ್ದು ಗಟ್ಟಿಯಾದ ಉಬ್ಬು. 48ರಿಂದ 72 ಗಂಟೆಯೊಳಗೆ ಓದಬೇಕು. ಶುಕ್ರವಾರ ಹಾಕಿದರೆ ಓದುವ ಮೊದಲ ದಿನ ಭಾನುವಾರಕ್ಕೆ ಬೀಳುತ್ತೆ ಅನ್ನುವುದನ್ನು ಮರೆಯುತ್ತಾರೆ. ಫೆಲೋ ತಾನೇ ಬೆರಳಿಟ್ಟು ಅಳೆದು ಬರೆಯಬೇಕು.

ಎಟಿಟಿ ಶುರುವಾದ ಮೊದಲ ಕೆಲವು ವಾರ ಕಣ್ಣು ಇನ್ನೂ ಕೆಡಬಹುದು. ಅದು ಪ್ಯಾರಡಾಕ್ಸಿಕಲ್ ಪ್ರತಿಕ್ರಿಯೆ. ಔಷಧಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಬೇಡಿ, ಸ್ಟೀರಾಯ್ಡ್ ಸರಿಹೊಂದಿಸಿ.

ಮಂಗಳೂರು_ರೆಟಿನಾ
ಅಷ್ಟಕ್ಕೆ ನನ್ನದೂ ಒಪ್ಪಿಗೆ. ಕರ್ನಾಟಕದಲ್ಲಿ ಕೆಲಸ ಮಾಡುವವರು ಜ್ವರದ ನಂತರದ ರೆಟಿನೈಟಿಸ್ (ರೆಟಿನಾ ಉರಿಯೂತ) ಬಿಡಬಾರದು. ಇದನ್ನು ಎಷ್ಟೋ ಫೆಲೋಶಿಪ್‌ಗಳಲ್ಲಿ ಸರಿಯಾಗಿ ಕಲಿಸುವುದಿಲ್ಲ. 2006ರ ಚಿಕುನ್‌ಗುನ್ಯಾ ಹಾವಳಿಯ ಕಣ್ಣಿನ ತೊಂದರೆಗಳನ್ನು ಬೆಂಗಳೂರಿನವರು ಚೆನ್ನಾಗಿ ದಾಖಲಿಸಿದ್ದಾರೆ. ಜ್ವರ ಬಿಟ್ಟು ಎರಡರಿಂದ ನಾಲ್ಕು ವಾರಕ್ಕೆ ದೃಷ್ಟಿ ಮಂಜು. ಹಿಂಭಾಗದಲ್ಲಿ ಹತ್ತಿಯ ಚೂರಿನಂಥ ಬಿಳಿ ಮಚ್ಚೆ, ಅಲ್ಲಲ್ಲಿ ರಕ್ತ, ಮಾಕ್ಯುಲಾದಲ್ಲಿ ನೀರು. ಚಿಕುನ್‌ಗುನ್ಯಾ, ಡೆಂಗಿ, ಟೈಫಾಯ್ಡ್, ರಿಕೆಟ್ಸಿಯಾ (ಉಣ್ಣೆ–ನುಸಿಯಿಂದ ಬರುವ ಜ್ವರ) ಎಲ್ಲವೂ ಹೆಚ್ಚುಕಮ್ಮಿ ಹೀಗೇ ಕಾಣುತ್ತವೆ. ರಿಕೆಟ್ಸಿಯಾದ ರಕ್ತಪರೀಕ್ಷೆ ವೈಲ್–ಫೆಲಿಕ್ಸ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ, ಸ್ಕ್ರಬ್ ಟೈಫಸ್‌ಗೆ ಐಜಿಎಂ ಎಲೈಸಾ ಕೇಳಿ. ರಿಕೆಟ್ಸಿಯಾ ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು ಸಲ, ಗರ್ಭಿಣಿಗೆ ಅಜಿಥ್ರೊಮೈಸಿನ್. ಮುಖ್ಯ ಕೆಲಸ ಏನೆಂದರೆ ಇದನ್ನು ಹರ್ಪಿಸ್‌ನ ಎಆರ್‌ಎನ್ (ರೆಟಿನಾ ಬೇಗ ಕೊಳೆಯುವ ಸೋಂಕು) ಜೊತೆ ಗೊಂದಲ ಮಾಡಿಕೊಳ್ಳದಿರುವುದು. ಎಆರ್‌ಎನ್ ಅಂಚಿನಿಂದ ಶುರುವಾಗಿ ಸುತ್ತ ಹಬ್ಬುತ್ತದೆ, ವಿಟ್ರಿಯಸ್ ತುಂಬಾ ಮಬ್ಬು, ರಕ್ತನಾಳ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಅವತ್ತೇ ಆಂಟಿವೈರಲ್ ಬೇಕು: ಅಸೈಕ್ಲೊವಿರ್ ಕೆ.ಜಿ.ಗೆ 10 ಮಿ.ಗ್ರಾಂ. ಎಂಟು ಗಂಟೆಗೊಮ್ಮೆ ರಕ್ತನಾಳಕ್ಕೆ, ಅಥವಾ ವ್ಯಾಲಸೈಕ್ಲೊವಿರ್ 2 ಗ್ರಾಂ ದಿನಕ್ಕೆ ಮೂರು ಸಲ. ಮೂತ್ರಪಿಂಡ ನೋಡಿಕೊಂಡು.

ಸಂಧಿವಾತ_ಬೆಂಗಳೂರು
ರುಮಟಾಲಜಿ ಕಡೆಯಿಂದ ಸ್ವಲ್ಪ. ಕಣ್ಣಿನವರು ಕಳಿಸುವ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳಿವು.

ಪ್ರೆಡ್ನಿಸೊಲೋನ್ ಕೆ.ಜಿ.ಗೆ 1 ಮಿ.ಗ್ರಾಂ. ಶುರು ಮಾಡುತ್ತಾರೆ, ಇಳಿಸುವ ಯೋಜನೆ ಬರೆಯಲ್ಲ. ಮೂರು ತಿಂಗಳಲ್ಲಿ 10 ಮಿ.ಗ್ರಾಂ.ಗಿಂತ ಕೆಳಗೆ ಇಳಿಸೋಕಾಗದಿದ್ದರೆ ಎರಡನೇ ಔಷಧಿ ಬೇಕು. ಕಾಯಿಲೆ ವಿಕೆಎಚ್, ಬೆಹ್ಸೆಟ್ (ಬಾಯಿಹುಣ್ಣು, ರಕ್ತನಾಳದ ಉರಿಯೂತ ತರುವ ಕಾಯಿಲೆ) ಅಂತ ಮೊದಲೇ ಗೊತ್ತಿದ್ದರೆ ಆ ಮೂರು ತಿಂಗಳೂ ಕಾಯುವುದು ಬೇಡ, ಮೊದಲ ದಿನವೇ ಸೇರಿಸಿ. ಮೆಥೋಟ್ರೆಕ್ಸೇಟ್ ಕೆಲಸ ಶುರು ಮಾಡಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಸ್ಟೀರಾಯ್ಡ್ ಹಿಡಿದಿಟ್ಟುಕೊಂಡಿರಬೇಕು.

ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ. ಇದನ್ನು ಚೀಟಿಯಲ್ಲಿ «ವಾರಕ್ಕೆ 15 ಮಿ.ಗ್ರಾಂ.» ಅಂತಷ್ಟೇ ಬರೆದರೆ ಮನೆಯಲ್ಲಿ ದಿನಾ ನುಂಗುವವರು ಇದ್ದಾರೆ, ಬಾಯಿ ಹುಣ್ಣಾಗಿ ರಕ್ತಕಣ ಬಿದ್ದು ಐಸಿಯು ಸೇರುತ್ತಾರೆ. ಕನ್ನಡದಲ್ಲಿ ವಾರದ ಹೆಸರು ಹಾಕಿ: «ಭಾನುವಾರ ಮಾತ್ರ». ಫೋಲಿಕ್ ಆಸಿಡ್‌ಗೆ ಬೇರೆ ದಿನದ ಹೆಸರು ಬರೆಯಿರಿ. 2.5 ಮತ್ತು 10 ಮಿ.ಗ್ರಾಂ. ಮಾತ್ರೆ ಎರಡನ್ನೂ ಒಂದೇ ಚೀಟಿಯಲ್ಲಿ ಬೆರೆಸಬೇಡಿ. ಶುರುವಿನಲ್ಲಿ ಎರಡು–ಮೂರು ವಾರಕ್ಕೊಮ್ಮೆ, ಆಮೇಲೆ 6ರಿಂದ 8 ವಾರಕ್ಕೊಮ್ಮೆ ರಕ್ತಕಣ, ಲಿವರ್, ಕ್ರಿಯಾಟಿನಿನ್.

ಮೆಥೋಟ್ರೆಕ್ಸೇಟ್ ಮೇಲಿರುವವರಿಗೆ ಟಾಕ್ಸೋಪ್ಲಾಸ್ಮಾ ಅಂತ ಕೋಟ್ರಿಮಾಕ್ಸಜೋಲ್ ಬರೆದರೆ ಅಸ್ಥಿಮಜ್ಜೆ ಕುಸಿಯಬಹುದು. ಇದು ಕಣ್ಣಿನ ವಿಭಾಗದಲ್ಲೇ ಆಗುವ ತಪ್ಪು, ಎರಡೂ ಔಷಧಿ ಬರೆಯುವವರು ನೀವೇ ತಾನೇ. ಅಜಥಯೋಪ್ರಿನ್ ಬರೆಯುವ ಮುಂಚೆ ಟಿಪಿಎಂಟಿ (ಆ ಔಷಧಿ ಕರಗಿಸುವ ಜೀನ್) ಮಾತ್ರ ನೋಡಿದರೆ ಸಾಲದು, ನಮ್ಮ ಜನರಲ್ಲಿ ನುಡ್ಟ್15 (ಎನ್‌ಯುಡಿಟಿ15) ಎಂಬ ಇನ್ನೊಂದು ಜೀನಿನ ಬದಲಾವಣೆಯೇ ಹೆಚ್ಚು ಮುಖ್ಯ. ಅದರ ಜೊತೆ ಸೇರಬಾರದ ಫೆಬುಕ್ಸೊಸ್ಟಾಟ್, ಅಲೊಪ್ಯುರಿನಾಲ್ ಯೂರಿಕ್ ಆಸಿಡ್‌ಗೆ ತೆಗೆದುಕೊಳ್ಳುತ್ತಾರಾ ಕೇಳಿ. ಮೆಥೋಟ್ರೆಕ್ಸೇಟ್, ಮೈಕೋಫಿನೋಲೇಟ್ ಎರಡೂ ಗರ್ಭಕ್ಕೆ ಹಾನಿ. ಮದುವೆ ಗೊತ್ತಾಗಿದೆಯಾ ಅಂತ ಮುಜುಗರಪಡದೆ ಕೇಳಬೇಕು.

ಯಾವುದು ಮೇಲು ಅನ್ನುವ ಜಗಳಕ್ಕೆ 2019ರಲ್ಲಿ ಬಂದ ಫಾಸ್ಟ್ ಟ್ರಯಲ್ ಓದಿ. 216 ರೋಗಿಗಳು, ವಾರಕ್ಕೆ 25 ಮಿ.ಗ್ರಾಂ. ಮೆಥೋಟ್ರೆಕ್ಸೇಟ್ ಒಂದು ಕಡೆ, ದಿನಕ್ಕೆ 3 ಗ್ರಾಂ ಮೈಕೋಫಿನೋಲೇಟ್ ಇನ್ನೊಂದು ಕಡೆ. ಮೈಕೋಫಿನೋಲೇಟ್ ಮೇಲು ಅಂತ ಸಾಬೀತಾಗಲಿಲ್ಲ. ಅಗ್ಗದ್ದನ್ನೇ ಮೊದಲು ಕೊಡಿ, ಪೂರ್ತಿ ಡೋಸ್ ಕೊಡಿ. ಹತ್ತು ಮಿ.ಗ್ರಾಂ. ಕೊಟ್ಟು «ಫೇಲ್» ಅಂತ ಬರೆಯಬೇಡಿ.

ಬಯೋಲಾಜಿಕ್ ಚುಚ್ಚುಮದ್ದು ಅಡಾಲಿಮುಮಾಬ್‌ಗೆ ಅಮೆರಿಕದ ಎಫ್‌ಡಿಎ 2016ರಲ್ಲಿ ಸೋಂಕಿಲ್ಲದ ಯುವೈಟಿಸ್‌ಗೆ ಅನುಮತಿ ಕೊಟ್ಟಿತು: ಮೊದಲು 80 ಮಿ.ಗ್ರಾಂ., ಒಂದು ವಾರಕ್ಕೆ 40, ಆಮೇಲೆ ಎರಡು ವಾರಕ್ಕೊಮ್ಮೆ 40. ನಮ್ಮಲ್ಲಿ ಅದರ ಬಯೋಸಿಮಿಲರ್ (ಬೇರೆ ಕಂಪನಿಯ ಅದೇ ಥರದ ಔಷಧಿ) 2014ರಿಂದಲೇ ಇದೆ. ಮುಂಚೆ ಎದೆಯ ಚಿತ್ರ, ಇಗ್ರಾ ಅಥವಾ ಮಾಂಟೂ, ಹೆಪಟೈಟಿಸ್ ಬಿ, ಸಿ, ಎಚ್‌ಐವಿ. ಇಂಟರ್‌ಮೀಡಿಯೇಟ್ (ಕಣ್ಣಿನ ಮಧ್ಯಭಾಗದ) ಯುವೈಟಿಸ್ ಇದ್ದು ಕೈಕಾಲು ಜೋಮು, ಹಳೆಯ ಆಪ್ಟಿಕ್ ನ್ಯೂರೈಟಿಸ್ ಇದ್ದರೆ ಮೆದುಳಿನ ಎಂಆರ್‌ಐ ಆಗದೆ ಕೊಡಬೇಡಿ. ಮಲ್ಟಿಪಲ್ ಸ್ಕ್ಲೀರೋಸಿಸ್ ಇದ್ದರೆ ಅದು ಕೆರಳುತ್ತೆ.

ಪಿಜಿ_ಕೊನೆವರ್ಷ
ಇಷ್ಟು ಯಾವ ಪುಸ್ತಕದಲ್ಲೂ ಒಂದೇ ಕಡೆ ಸಿಕ್ಕಿರಲಿಲ್ಲ ಸರ್. ಕೈಕೆಲಸ ಎಷ್ಟು ಬೇಕು? ಅಕ್ವಿಯಸ್ ಟ್ಯಾಪ್ (ಮುಂಭಾಗದ ನೀರು ಸೂಜಿಯಲ್ಲಿ ತೆಗೆಯುವುದು), ವಿಟ್ರಿಯಸ್ ಬಯಾಪ್ಸಿ, ಪೊರೆ ಶಸ್ತ್ರಚಿಕಿತ್ಸೆ?

ಮಂಗಳೂರು_ರೆಟಿನಾ
ಟ್ಯಾಪ್ ಸ್ಲಿಟ್ ಲ್ಯಾಂಪ್‌ನಲ್ಲೇ ಆಗುತ್ತದೆ. ಪ್ರೊಪರಾಕೇನ್, 5% ಪೊವಿಡೋನ್ ಅಯೋಡಿನ್ ಹಾಕಿ ಮೂರು ನಿಮಿಷ ಬಿಡಿ, ಸ್ಪೆಕ್ಯುಲಮ್. 1 ಮಿ.ಲೀ. ಸಿರಿಂಜ್, 30 ಗೇಜ್ ಸೂಜಿ; ಪ್ಲಂಜರ್ ಒಮ್ಮೆ ಎಳೆದು ಸಡಿಲ ಮಾಡಿಕೊಳ್ಳಿ, ಇಲ್ಲದಿದ್ದರೆ ಒಳಗೆ ಹೋದ ಮೇಲೆ ಜರ್ಕ್ ಹೊಡೆಯುತ್ತದೆ. ಲಿಂಬಸ್‌ನಿಂದ (ಕಾರ್ನಿಯಾ ಅಂಚಿನಿಂದ) ಐರಿಸ್‌ಗೆ ಸಮಾಂತರ, ತುದಿ ಐರಿಸ್ ಮೇಲೆಯೇ ಇರಲಿ, ಪ್ಯುಪಿಲ್ ದಾಟಿಸಿದರೆ ಲೆನ್ಸಿಗೆ ತಾಗುತ್ತದೆ. 0.1ರಿಂದ 0.2 ಮಿ.ಲೀ. ಸಾಕು. ಹರ್ಪಿಸ್, ಸಿಎಂವಿ ವೈರಸ್‌ಗಳಿಗೆ ಒಳ್ಳೆಯ ಫಲ; ಕ್ಷಯಕ್ಕೆ ನೆಗೆಟಿವ್ ಬಂದರೆ ಕ್ಷಯ ಇಲ್ಲ ಅಂತ ಅರ್ಥ ಅಲ್ಲ. ಮಾದರಿ ಕಮ್ಮಿ ಇರುವ ಕಾರಣ ಯಾವ ಪರೀಕ್ಷೆ ಮೊದಲು ಅಂತ ಲ್ಯಾಬಿಗೆ ಬರೆದುಕೊಡಿ, ಐಸ್ ಡಬ್ಬಿಯಲ್ಲಿ ಅವತ್ತೇ ಕಳಿಸಿ.

ಲಿಂಫೋಮಾ ಅನುಮಾನದ ವಿಟ್ರಿಯಸ್ ಬಯಾಪ್ಸಿಯದ್ದು ಬೇರೆ ಕತೆ. ಸಾಧ್ಯವಾದರೆ ಎರಡು ವಾರ ಮೊದಲೇ ಸ್ಟೀರಾಯ್ಡ್ ನಿಲ್ಲಿಸಬೇಕು, ಇಲ್ಲದಿದ್ದರೆ ಜೀವಕೋಶವೇ ಸಿಗುವುದಿಲ್ಲ. ಇನ್ಫ್ಯೂಷನ್ (ಕಣ್ಣೊಳಗೆ ಬಿಡುವ ದ್ರವ) ತೆರೆಯುವ ಮೊದಲು 1 ಮಿ.ಲೀ. ಶುದ್ಧ ಮಾದರಿ, ಕಟ್ ರೇಟ್ ಕಡಿಮೆ. ಬೆಳಿಗ್ಗೆ ಮೊದಲ ಕೇಸಾಗಿ ಇಟ್ಟು ಸೈಟಾಲಜಿಯವರಿಗೆ ಮುಂಚಿತವಾಗಿ ಫೋನ್ ಮಾಡಿ. ಶನಿವಾರ ಸಂಜೆ ಮಾಡಿದರೆ ಸೋಮವಾರ ಸತ್ತ ಕೋಶ ನೋಡಬೇಕಾಗುತ್ತದೆ.

ಪೊರೆಗೆ ಮೂರು ತಿಂಗಳು ಕಣ್ಣು ಶಾಂತವಾಗಿರಬೇಕು ಅಂದರೆ ಸೆಲ್ ಇರಬಾರದು ಅಂತ. ಹಳೆಯ ಕಾಯಿಲೆಯಲ್ಲಿ ಫ್ಲೇರ್ ಉಳಿದೇ ಇರುತ್ತದೆ, ಅದು ಹೋಗಲಿ ಅಂತ ಕಾದರೆ ಶಸ್ತ್ರಚಿಕಿತ್ಸೆ ಎಂದಿಗೂ ಆಗದು.

ಸ್ಲಿಟ್‌ಲ್ಯಾಂಪ್_ಹುಬ್ಬಳ್ಳಿ
ಒಂದು ಮಾತು ಸೇರಸ್ತೀನಿ. ಸೋಂಕು ಅಲ್ಲಂತ ಖಾತ್ರಿ ಆಗದ ಕಣ್ಣಿಗೆ ಟ್ರಯಾಮ್ಸಿನೊಲೋನ್ ಡೀಪೋ (ನಿಧಾನಕ್ಕ ಇಳಿಯೋ ಸ್ಟೀರಾಯ್ಡ್ ಇಂಜೆಕ್ಷನ್) ಹಾಕಬ್ಯಾಡ್ರಿ. ಗುಳಿಗಿ ನಿಲ್ಲಸಬಹುದು, ಹಾಕಿದ ಡೀಪೋ ವಾಪಸ್ ತಗ್ಯಾಕ ಬರೂದಿಲ್ಲ. ಟಾಕ್ಸೋ ಇದ್ರಂತೂ ರೆಟಿನಾ ಹೋದಂಗ. 0.7 ಮಿ.ಗ್ರಾಂ. ಡೆಕ್ಸಾಮೆಥಸೋನ್ ಇಂಪ್ಲಾಂಟ್ ಹಾಕೂ ಮುಂದ ಲೆನ್ಸಿನ ಹಿಂದಿನ ಪರೆ ಅದ ಏನು ನೋಡ್ರಿ. ಇಲ್ಲಂದ್ರ ಅದು ಮುಂದಕ್ಕ ಜಾರಿ ಕಾರ್ನಿಯಾ ಕೆಡಸತದ.

ಪಿಜಿ_ಕೊನೆವರ್ಷ
ಹೊರದೇಶದ ಬಗ್ಗೆ? ಮತ್ತೆ, ಜಿಲ್ಲಾ ಕೇಂದ್ರದಲ್ಲಿ ಯುವಿಯಾ ಒಂದನ್ನೇ ಮಾಡಿಕೊಂಡು ಹೊಟ್ಟೆ ತುಂಬುತ್ತಾ?

ಯುವಿಯಾ_ಮೈಸೂರು
ಅಮೆರಿಕದಲ್ಲಿ ಹೆಚ್ಚಾಗಿ ಒಂದು ವರ್ಷದ್ದು, ಅರ್ಜಿ ಎಸ್‌ಎಫ್ ಮ್ಯಾಚ್ ಎಂಬ ಸೀಟು ಹಂಚುವ ವ್ಯವಸ್ಥೆಯ ಮೂಲಕ. ರೋಗಿಯನ್ನು ಕೈಯಾರೆ ನೋಡಬೇಕಾದರೆ ಇಸಿಎಫ್‌ಎಂಜಿ (ಹೊರದೇಶದಲ್ಲಿ ಓದಿದ ವೈದ್ಯರಿಗೆ ಅಲ್ಲಿನ ಪ್ರಮಾಣಪತ್ರ) ಬೇಕು. ಅದಿಲ್ಲದೆ ಹೋದರೆ ವೀಕ್ಷಕರಾಗಿ, ಇಲ್ಲಾ ಸಂಶೋಧನೆಗೆ. ಐಸಿಒದ (ಅಂತರರಾಷ್ಟ್ರೀಯ ನೇತ್ರಶಾಸ್ತ್ರ ಮಂಡಳಿ) ಮೂರು ತಿಂಗಳ ಫೆಲೋಶಿಪ್ ಇಲ್ಲಿ ಕಲಿತಾದ ಮೇಲೆ ಹೋದರೆ ಲಾಭ, ಮೊದಲೇ ಹೋದರೆ ಪ್ರವಾಸ ಅಷ್ಟೇ. ಕ್ಷಯ, ಲೆಪ್ಟೊ, ಜ್ವರದ ರೆಟಿನೈಟಿಸ್ ಅಲ್ಲಿ ಅಪರೂಪ. ಬರ್ಡ್‌ಶಾಟ್ (ಹಿಂಭಾಗದಲ್ಲಿ ಚುಕ್ಕೆ ಚುಕ್ಕೆ ಕಾಣುವ ಯುವೈಟಿಸ್) ಇಲ್ಲಿ ಅಪರೂಪ. ಕೆಲಸ ಮಾಡುವ ಊರಿನ ಕಾಯಿಲೆ ಇರುವ ಕಡೆಯೇ ಮೊದಲು ಕಲಿಯಿರಿ.

ಹೊಟ್ಟೆಪಾಡಿಗೆ ಯುವಿಯಾ ಒಂದೇ ಸಾಲದು, ನೇರವಾಗಿ ಹೇಳುತ್ತೇನೆ. ಒಬ್ಬ ಹೊಸ ರೋಗಿಗೆ ಮುಕ್ಕಾಲು ಗಂಟೆ ಹಿಡಿಯುತ್ತೆ, ಸಿಗುವುದು ಒಂದು ಕನ್ಸಲ್ಟೇಶನ್ ಫೀಸು. ಮೆಡಿಕಲ್ ರೆಟಿನಾ ಅಥವಾ ಪೊರೆ ಜೊತೆಗಿರಲಿ. ಆದರೆ ಜಂಟಿ ಕೋರ್ಸ್‌ನಲ್ಲಿ ವಾರಕ್ಕೆ ಎಷ್ಟು ದಿನ ಪೂರ್ತಿ ಯುವಿಯಾ ಕ್ಲಿನಿಕ್ ಅಂತ ಕೇಳಿ. ಎರಡು ದಿನಕ್ಕಿಂತ ಕಮ್ಮಿ ಇದ್ದರೆ ಅದು ಮೆಡಿಕಲ್ ರೆಟಿನಾ ಫೆಲೋಶಿಪ್, ಹೆಸರಿಗೆ ಮಾತ್ರ ಯುವಿಯಾ.

ಪಿಜಿ_ಕೊನೆವರ್ಷ
ಕೊನೆಯ ಪ್ರಶ್ನೆ: ಲಾಗ್‌ಬುಕ್ ಹೇಗಿಡಬೇಕು?

ಸಂಧಿವಾತ_ಬೆಂಗಳೂರು
ಪ್ರೊಸೀಜರ್ ಲೆಕ್ಕದ ಪುಸ್ತಕ ಬೇರೆ ಇರಲಿ. ಇನ್ನೊಂದು ಸ್ಪ್ರೆಡ್‌ಶೀಟ್‌ನಲ್ಲಿ ರೋಗಿಗೊಂದು ಸಾಲು, ಹೆಸರು ಬೇಡ, ಕೋಡ್ ಸಾಕು. ಮೊದಲ ದಿನದ ನಿಮ್ಮ ಅಂದಾಜು, ಕಳಿಸಿದ ಪರೀಕ್ಷೆ, ಯಾಕೆ ಕಳಿಸಿದಿರಿ ಅನ್ನುವುದು ಒಂದು ವಾಕ್ಯದಲ್ಲಿ, ಮೂರನೇ ಮತ್ತು ಆರನೇ ತಿಂಗಳ ಸೆಲ್ ಗ್ರೇಡ್, ಸ್ಟೀರಾಯ್ಡ್ ಡೋಸ್, ಕೊನೆಗೆ ಉಳಿದ ರೋಗನಿರ್ಣಯ. ಮೊದಲ ಕಾಲಂ ಮತ್ತು ಕೊನೆಯ ಕಾಲಂ ಎಲ್ಲಿ ಬೇರೆಯಾಗಿದೆಯೋ ಆ ಸಾಲಿಗೆ ಬಣ್ಣ ಹಾಕಿ, ತಿಂಗಳಿಗೊಮ್ಮೆ ನಿಮ್ಮ ಗುರುಗಳ ಮುಂದೆ ಅವನ್ನಷ್ಟೇ ತೆರೆಯಿರಿ.

ಸ್ಲಿಟ್‌ಲ್ಯಾಂಪ್_ಹುಬ್ಬಳ್ಳಿ
ಮತ್ತ ಒತ್ತಡದ ಕಾಲಂ ಬಿಡಬ್ಯಾಡ್ರಿ ಸರ. ಸ್ಟೀರಾಯ್ಡ್ ಹನಿ ಶುರುವಾದ ಎರಡರಿಂದ ಆರು ವಾರದಾಗ ಏರೂದು ಅದೇ. ಸೆಲ್ ಇಳದದ್ದು ಕಂಡು ಖುಷಿಯಾಗಿ ಒತ್ತಡ ನೋಡೂದು ಮರೀತಾರ.